ಹೊಸ್ತಿಲ ಹುಣ್ಣಿಮಿ ಮುಂದಿನ ರಾತ್ರಿ

ಪ್ರಶ್ನೆ: ಸರ್, ನಮ್ಮಜ್ಜ ಎರಡನೇ ಮಹಾಯುದ್ಧದಾಗ ಕಲ್ಕತ್ತಾದಾಗ ಮಿಲಿಟರಿ ಲಾರಿ ಡ್ರೈವರ್ ಇದ್ರು. ಹೊಸ್ತಿಲ ಹುಣ್ಣಿಮಿ ಇನ್ನ ಎರಡು ದಿನ ಐತಿ ಅನ್ನೂವಾಗ ರಾತ್ರಿ ಜಪಾನದವ್ರು ಬಾಂಬ್ ಹಾಕಿದ್ರು, ನಾ ಹೊಸಾ ಹಾವ್ಡಾ ಬ್ರಿಡ್ಜ್ ಮ್ಯಾಲೆ ಲಾರಿ ನಿಲ್ಲಿಸಿ ನೋಡೀನಿ ಅಂತ ಹೇಳತಿದ್ರು. ಇಸ್ವಿ ನೆನಪಿರಲಿಲ್ಲ. ನಮ್ಮ ಕಾಕಾ ಇದೆಲ್ಲಾ ಕಟ್ಟಿದ ಕತಿ ಅಂತಾರ. ಹೆಂಗ್ ಹುಡುಕೂದ್ರಿ?
– ಓದುಗರು, ಸವದತ್ತಿ

ಉತ್ತರ: ನಿಮ್ಮ ಕಾಕಾರಿಗೆ ಸ್ವಲ್ಪ ತಡೀರಿ ಅಂತ ಹೇಳ್ರಿ. ಸವದತ್ತಿ ಮನಷ್ಯಾ ಇಸ್ವಿ ಮರೀಬಹುದು, ಎಲ್ಲಮ್ಮನ ಜಾತ್ರಿ ಹುಣ್ಣಿಮಿ ಮರೆಯೂದಿಲ್ಲ. ಕಲ್ಕತ್ತಾ ಮ್ಯಾಲೆ ಜಪಾನದ ಮೊದಲನೇ ದಾಳಿ ಆಗಿದ್ದು 1942 ಡಿಸೆಂಬರ್ 20ರ ರಾತ್ರಿ, ಆ ವರ್ಷ ಹೊಸ್ತಿಲ ಹುಣ್ಣಿಮಿ, ಅಂದ್ರ ಮಾರ್ಗಶಿರ ಹುಣ್ಣಿಮಿ, ಬಿದ್ದದ್ದು ಡಿಸೆಂಬರ್ 22ಕ್ಕ, ಅಜ್ಜಾರ ಲೆಕ್ಕ ಬರೋಬ್ಬರಿ ಕೂಡತೈತಿ. ಬೆಳದಿಂಗಳ ನೋಡೇ ಬರತಿದ್ರು ಜಪಾನದವ್ರು, ಊರಿನ ದೀಪಾ ಎಲ್ಲಾ ಆರಿಸಬಹುದು, ಹೂಗ್ಲಿ ಹೊಳಿ ಹೊಳಿಯೂದನ್ನ ಯಾರು ಆರಿಸತಾರ? ಅದಕ್ಕ ರಾತ್ರಿ ದಾಳಿ ಹುಡುಕೂಮುಂದ ನಾ ಮೊದಲ ಹಳೇ ಪಂಚಾಂಗನ ತಗೀತೀನಿ.

ಆದ್ರ ಬ್ರಿಡ್ಜ್ ಮಾತ್ರ ಕೂಡೂದಿಲ್ರಿ. ಹೊಸಾ ಹಾವ್ಡಾ ಬ್ರಿಡ್ಜ್ ಓಡಾಟಕ್ಕ ಬಿಟ್ಟಿದ್ದು 1943 ಫೆಬ್ರುವರಿದಾಗ. ಡಿಸೆಂಬರ್‌ದಾಗ ಲಾರಿ ನಿಂತಿದ್ರ ಬಾಜೂಕಿನ ಹಳೇ ತೇಲೂ ಪೂಲ್ ಮ್ಯಾಲೆ ನಿಂತಿರಬೇಕು. ಇಲ್ಲಾ, 1943 ಡಿಸೆಂಬರ್ 5ಕ್ಕ ಕಲ್ಕತ್ತಾ ಬಂದರಿನ ಖಿದಿರ್‌ಪುರ ಡಾಕ್ ಮ್ಯಾಲೆ ದೊಡ್ಡ ದಾಳಿ ಆತು, ಆವಾಗ ಹೊಸಾ ಬ್ರಿಡ್ಜ್ ಇತ್ತು, ಆದ್ರ ಅದು ಹಗಲು ದಾಳಿ, ಹುಣ್ಣಿಮಿನೂ ದೂರ ಇತ್ತು. ನನಗನ್ಸೂದು, ಎರಡು ನೆನಪು ಕೂಡಿ ಒಂದಾಗ್ಯಾವ. ಇದಕ್ಕ ಸುಳ್ಳು ಅನ್ನಬ್ಯಾಡ್ರಿ. 1941ರಾಗ ಬ್ರಿಟಿಷರು ತಮ್ಮ ಬಾಂಬರ್‌ಗಳು ತಗದ ಫೋಟೋ ಕೂತು ತಪಾಸ್ ಮಾಡಿದ್ರ, ಗುರಿಗೆ ಹೊಡದೀವಿ ಅಂದ ವಿಮಾನದೊಳಗ ಐದು ಮೈಲಿ ಹತ್ತಿರ ಹೋಗಿದ್ದು ಮೂರಕ್ಕ ಒಂದು, ಅವ್ರು ಮ್ಯಾಲಿಂದ ಕಣ್ಣಾರೆ ನೋಡಿದವ್ರು ಮತ್ತ!

ಕಾಗದಕ್ಕ ಹೋಗೂದಾದ್ರ ಲಂಡನ್‌ದ ಕ್ಯೂ ಒಳಗಿನ ನ್ಯಾಷನಲ್ ಆರ್ಕೈವ್ಸ್‌ನಾಗ ಬ್ರಿಟಿಷ್ ವಾಯುಪಡೆ ಸ್ಕ್ವಾಡ್ರನ್‌ಗಳ (ವಿಮಾನ ತುಕಡಿಗಳ) ದಿನಚರಿ ಅದಾವ, ಏರ್ 27 (AIR 27) ಅಂತ ಹಾಕಿ ಹುಡುಕ್ರಿ. ಕಲ್ಕತ್ತಾಕ್ಕ 176ನೇ ಸ್ಕ್ವಾಡ್ರನ್ ನೋಡ್ರಿ, ಅದರಾಗಿನ, ರೇಡಾರ್ ಇದ್ದ ಬ್ಯೂಫೈಟರ್ ಅನ್ನೂ ಫೈಟರ್ ವಿಮಾನ ತಗೊಂಡು ಸಾರ್ಜೆಂಟ್ ಪ್ರಿಂಗ್ ಅನ್ನಾಂವ 1943 ಜನವರಿ 15ರ ರಾತ್ರಿ ಒಬ್ಬನ ಜಪಾನದ ಮೂರು ಬಾಂಬರ್ ಕೆಡವಿದ. ಓದೂಮುಂದ ಎರಡು ಕಡೆ ಎಲ್ಲಾರೂ ಎಡವತಾರ. ಒಂದು, ರಾತ್ರಿ ದಾಳಿ ನಡುರಾತ್ರಿ ದಾಟತೈತಿ, ಹಿಂಗಾಗಿ ಒಂದ ದಾಳಿಗೆ ಒಬ್ಬರು 20 ಬರೀತಾರ, ಇನ್ನೊಬ್ಬರು 21, ಅದನ್ನ ನೋಡಿ ಎರಡು ದಾಳಿ ಅಂತ ಎಣಿಸಬ್ಯಾಡ್ರಿ. ಇನ್ನೊಂದು, 1942 ಸೆಪ್ಟೆಂಬರ್‌ದಿಂದ ಯುದ್ಧ ಮುಗಿಯೂತನಕ ನಮ್ಮ ದೇಶದ ಗಡಿಯಾರ ಒಂದು ತಾಸು ಮುಂದ ಇಟ್ಟಿದ್ರು, ದಾಳಿ ಟೈಮ್ ಹೊಂದಿಸೂಮುಂದ ಅದನ್ನ ನೆನಪಿಡ್ರಿ. ಆವಾಗಿನ ಪೇಪರ್ ಬ್ಯಾರೆ ಸೆನ್ಸಾರ್ ಆಗಿ ಬರತಿದ್ದು, ನಷ್ಟದ ಲೆಕ್ಕಕ್ಕ ಅದೊಂದನ್ನ ನಂಬಬ್ಯಾಡ್ರಿ.

ಅದಕ್ಕೂ ಮೊದಲ ಮನ್ಯಾಗಿನ ಟ್ರಂಕ್ ತಗೀರಿ. ಅಜ್ಜಾರ ಡಿಸ್ಚಾರ್ಜ್ ಕಾಗದ ಸಿಕ್ರ ಅದರಾಗ ಯುನಿಟ್ ಹೆಸರು ಇರತೈತಿ, ಅದನ್ನ ಬರದು ಕಳಸ್ರಿ. ಟ್ರಂಕಿನ ಕೀಲಿ ಕಾಕಾನ ಕಡೆ ಇದ್ರ ಮಾತ್ರ, ಬ್ರಿಡ್ಜ್ ವಿಷಯದಾಗ ನಿಮ್ಮದ ಖರೇ ಅಂತ ಮೊದಲ ಒಪ್ಪಿಕೊಂಡು ಬಿಡ್ರಿ.