ಸಂಜೆ ನಾಲ್ಕಕ್ಕೆ ಇನ್ನೊಂದು ಸಲ ಹೋಗಿ ನೋಡು

ನಿನ್ನ ಮೆಸೇಜ್ ಎರಡು ಸಲ ಓದಿದೆ. ಮದುವೆಯಾಗಿ ಇಂಗ್ಲೆಂಡಿನ ಲೆಸ್ಟರ್‌ಗೆ ಬಂದು ಎಂಟು ತಿಂಗಳು. ಮಾವ ಇಲ್ಲ, ಅತ್ತೆಗೆ ಡಿಮೆನ್ಷಿಯಾ, ಅದೇ ಮರೆವಿನ ಕಾಯಿಲೆ. ರಾತ್ರಿ ಎರಡು ಸಲ ಬಾಗಿಲು ತೆಗೆದುಕೊಂಡು ಬೀದಿಗೆ ಹೋಗಿದ್ದಾರೆ. ನಿನ್ನ ಗಂಡ, ನಾದಿನಿ ಇಬ್ಬರೂ ಕೇರ್ ಹೋಮ್ ಅಂತ ತೀರ್ಮಾನ ಮಾಡಿದ್ದಾರೆ, ಹೋಗಿ ನೋಡಿಕೊಂಡು ಬರುವ ಕೆಲಸ ಹಗಲು ಮನೆಯಲ್ಲಿರುವ ನಿನ್ನ ತಲೆಗೆ ಬಂದಿದೆ. "ಅಕ್ಕಾ, ಒಳಗೆ ಹೋಗಿ ಏನು ನೋಡಬೇಕು ಅಂತಲೇ ಗೊತ್ತಿಲ್ಲ" ಅಂದಿದ್ದೀಯಾ. ಕೊನೆಗೆ ಇನ್ನೊಂದು ಸಾಲು: ಊರಲ್ಲಿ ಗೊತ್ತಾದರೆ, ಸೊಸೆ ಬಂದವಳೇ ಅತ್ತೆಯನ್ನು ಆಶ್ರಮಕ್ಕೆ ತಳ್ಳಿದಳು ಅಂತಾರೆ.

ಆ ಸಾಲಿಗೇ ಮೊದಲು ಉತ್ತರ. ಹೌದು, ಅಂತಾರೆ. ನನಗೂ ಅಂದಿದ್ದರು. ನಮ್ಮ ಮಾವ ಎಪ್ಪತ್ತರ ದಶಕದಲ್ಲಿ ದಾವಣಗೆರೆಯಿಂದ ಬಂದ ಡಾಕ್ಟರು. ಕಾಯಿಲೆ ಬಂದ ಮೇಲೆ ಐದು ವರ್ಷ ಮನೆಯಲ್ಲೇ ಇದ್ದರು, ಕೊನೆಯ ಮೂರು ವರ್ಷ ಹೋಮ್‌ನಲ್ಲಿ. ಅವರ ತಂಗಿ ಫೋನ್ ಮಾಡಿ "ಅಷ್ಟು ದೊಡ್ಡ ಮನೇಲಿ ಅಣ್ಣನಿಗೆ ಒಂದು ಕೋಣೆ ಇರಲಿಲ್ವಾ" ಅಂದರು. ಕೋಣೆ ಇತ್ತು. ರಾತ್ರಿ ಮೂರಕ್ಕೆ ಎದ್ದು ಗ್ಯಾಸ್ ಹಚ್ಚುವವರನ್ನು ಕಾಯಲು ಜನ ಇರಲಿಲ್ಲ. ಊರಲ್ಲಾದರೆ ಪಕ್ಕದ ಮನೆಯವರು, ಕೆಲಸದವಳು, ದಾರಿ ತಪ್ಪಿದವರನ್ನು ಕೈ ಹಿಡಿದು ಕರೆತರುವ ಹಾಲಿನವನು, ಯಾರಾದರೂ ಇರುತ್ತಾರೆ. ಇಲ್ಲಿ ಜನವರಿಯ ರಾತ್ರಿ ನೈಟಿಯಲ್ಲಿ ಹೊರಗೆ ಹೋದರೆ ಕೇಳುವವರಿಲ್ಲ. ಇದನ್ನೆಲ್ಲ ಫೋನಿನಲ್ಲಿ ವಿವರಿಸಲು ಹೋಗಬೇಡ, ಸುಮ್ನೆ ಉಸಿರು ದಂಡ.

ಅಂದ ಹಾಗೆ, ಹೋಮ್ ಸಿಗುವವರೆಗೆ ಕಾಯದೆ ಇವತ್ತೇ ಹರ್ಬರ್ಟ್ ಪ್ರೊಟೊಕಾಲ್ ಅನ್ನುವ ಪೊಲೀಸ್ ಫಾರ್ಮ್ ತುಂಬಿಸಿಡು. ಅತ್ತೆಯ ಫೋಟೊ, ಮಾತ್ರೆಗಳು, ಹಿಂದೆ ಇದ್ದ ಮನೆಗಳ ವಿಳಾಸ, ಮಾತಾಡುವ ಭಾಷೆ. ಕಾಣೆಯಾದರೆ 999ಕ್ಕೆ ಫೋನ್ ಮಾಡಿ ಅದನ್ನೇ ಕೊಡಬಹುದು.

ದುಡ್ಡಿನ ವಿಷಯ ನಿನ್ನ ಗಂಡ ನೋಡಿಕೊಳ್ಳಲಿ, ಆದರೆ ನಿನಗೂ ಗೊತ್ತಿರಲಿ. ಕೌನ್ಸಿಲ್‌ಗೆ, ಅಂದರೆ ಇಲ್ಲಿನ ನಗರಸಭೆಗೆ ಹೇಳಿ, ಎಷ್ಟು ಆರೈಕೆ ಬೇಕು ಅಂತ ನೋಡುವ ಕೇರ್ ನೀಡ್ಸ್ ಅಸೆಸ್‌ಮೆಂಟ್ ಮಾಡಿಸಿ. ದುಡ್ಡಿದ್ದವರಿಗೂ ಇಲ್ಲದವರಿಗೂ ಅದು ಉಚಿತ. ಆಮೇಲೆ ಲೆಕ್ಕ: ಇಂಗ್ಲೆಂಡ್‌ನಲ್ಲಿ 23,250 ಪೌಂಡ್‌ಗಿಂತ ಜಾಸ್ತಿ ಉಳಿತಾಯ, ಆಸ್ತಿ ಇದ್ದರೆ ಹೋಮ್‌ನ ಪೂರ್ತಿ ಖರ್ಚು ನಿಮ್ಮದೇ. ಗಂಡನೋ ಹೆಂಡತಿಯೋ, ಅಥವಾ 60 ದಾಟಿದ ಸಂಬಂಧಿಕರೋ ಮನೆಯಲ್ಲಿದ್ದರೆ ಮನೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನೀವಿರುವ ಮನೆ ಅತ್ತೆಯ ಹೆಸರಲ್ಲಿದ್ದು, ಒಳಗಿರುವವರು ಬರೀ ನೀವಿಬ್ಬರು ಚಿಕ್ಕವರು ಅಂದರೆ, ಮೊದಲ 12 ವಾರ ಬಿಟ್ಟು ಆಮೇಲೆ ಅದೂ ಲೆಕ್ಕಕ್ಕೆ ಬರಬಹುದು. "ಈಗಲೇ ಮಗನ ಹೆಸರಿಗೆ ಬರೆಸಿಬಿಡಿ" ಅಂತ ನಮ್ಮವರೇ ಬುದ್ಧಿ ಹೇಳುತ್ತಾರೆ, ಮಾಡಬೇಡಿ. ಖರ್ಚು ತಪ್ಪಿಸಲು ಕೊಟ್ಟದ್ದು ಅಂತ ಕೌನ್ಸಿಲ್‌ಗೆ ಅನಿಸಿದರೆ, ಮನೆ ಇನ್ನೂ ಅತ್ತೆಯದೇ ಅಂತ ಹಿಡಿಯುತ್ತಾರೆ. ಹೋಮ್‌ನ ಖರ್ಚನ್ನು ಆಮೇಲೆ ಮನೆಯ ದುಡ್ಡಿನಿಂದ ತೀರಿಸುವ, ಕೌನ್ಸಿಲ್ ಜೊತೆಗಿನ ಡಿಫರ್ಡ್ ಪೇಮೆಂಟ್ ಒಪ್ಪಂದ ಅಂತ ಇದೆ, ಅದನ್ನು ಕೇಳಿ. ಅತ್ತೆಗೆ ಇನ್ನೂ ಹೇಳಿದ್ದು ಅರ್ಥವಾಗುತ್ತಿದ್ದರೆ ಅವರ ಪರವಾಗಿ ತೀರ್ಮಾನ ಮಾಡುವ ಅಧಿಕಾರಪತ್ರ, ಲಾಸ್ಟಿಂಗ್ ಪವರ್ ಆಫ್ ಅಟಾರ್ನಿ, ಎರಡನ್ನೂ ಮಾಡಿಸಿ, ದುಡ್ಡಿನದು ಒಂದು, ಆರೋಗ್ಯದ್ದು ಒಂದು. ತಿಳಿವಳಿಕೆ ಹೋದ ಮೇಲೆ ಕೋರ್ಟ್ ಮೆಟ್ಟಿಲು ಹತ್ತಬೇಕಾಗುತ್ತೆ.

ಈಗ ಹೋಮ್. ಮೊದಲು ಸಿಕ್ಯೂಸಿ, ಅಂದರೆ ಹೋಮ್‌ಗಳನ್ನು ತಪಾಸಣೆ ಮಾಡುವ ಸಂಸ್ಥೆಯ ವರದಿ ಓದು. ಔಟ್‌ಸ್ಟ್ಯಾಂಡಿಂಗ್, ಗುಡ್, ರಿಕ್ವೈರ್ಸ್ ಇಂಪ್ರೂವ್‌ಮೆಂಟ್, ಇನ್‌ಅಡಿಕ್ವೇಟ್ ಅಂತ ನಾಲ್ಕು ದರ್ಜೆ. ಎಲ್ಲರೂ ದರ್ಜೆ ನೋಡುತ್ತಾರೆ, ನೀನು ತಾರೀಖು ನೋಡು. ನಾಲ್ಕೈದು ವರ್ಷದ ಹಿಂದಿನ "ಗುಡ್" ಆಗಿದ್ದರೆ ಅವತ್ತಿನ ಮ್ಯಾನೇಜರ್ ಈಗ ಇಲ್ಲದೇ ಇರಬಹುದು. ಹೋಮ್ ಅಂದರೆ ಮುಕ್ಕಾಲು ಪಾಲು ಮ್ಯಾನೇಜರ್ ಕಣೆ. ಬಂದು ಎಷ್ಟು ವರ್ಷವಾಯಿತು, ಅದಕ್ಕೆ ಮುಂಚೆ ಇದ್ದವರು ಯಾಕೆ ಬಿಟ್ಟರು ಅಂತ ನೇರವಾಗಿ ಕೇಳು. ಇಲ್ಲಿ ಅದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಫೋನ್ ಮಾಡಿದರೆ ಬೆಳಿಗ್ಗೆ ಹನ್ನೊಂದಕ್ಕೆ ಬನ್ನಿ ಅಂತಾರೆ. ಹೋಗು. ಆ ಹೊತ್ತಿಗೆ ಎಲ್ಲರಿಗೂ ಸ್ನಾನ, ತಿಂಡಿ ಆಗಿರುತ್ತೆ, ತಲೆ ಬಾಚಿರುತ್ತಾರೆ, ಯಾರೋ ಪಿಯಾನೋ ನುಡಿಸುತ್ತಿರುತ್ತಾರೆ. ಮೆಚ್ಚಿಕೊಂಡು ಬಾ. ಇನ್ನೊಂದು ದಿನ ಹೇಳದೆ ಕೇಳದೆ ಸಂಜೆ ನಾಲ್ಕಕ್ಕೆ ಹೋಗು, ಭಾನುವಾರವಾದರೆ ಇನ್ನೂ ಒಳ್ಳೆಯದು. ಹೊತ್ತು ಇಳಿಯುತ್ತಿದ್ದ ಹಾಗೆ ಡಿಮೆನ್ಷಿಯಾದವರಿಗೆ ಚಡಪಡಿಕೆ ಜಾಸ್ತಿ, ಇಲ್ಲಿನವರು ಸನ್‌ಡೌನಿಂಗ್ ಅಂತಾರೆ. ಡಿಸೆಂಬರ್‌ನಲ್ಲಿ ನಾಲ್ಕಕ್ಕೇ ಕತ್ತಲು ಕವಿಯುತ್ತಲ್ವಾ. ಎಲ್ಲರೂ ಒಟ್ಟಿಗೆ ಮನೆಗೆ ಹೊರಡುತ್ತಾರೆ. ಕೋಟು ಹುಡುಕುತ್ತಾರೆ, ಬಾಗಿಲು ಎಳೆಯುತ್ತಾರೆ. ಆಗ ಅಲ್ಲಿನ ಕೆಲಸದವರು ಏನು ಮಾಡುತ್ತಾರೆ ಅನ್ನುವುದನ್ನು ನೋಡಲಿಕ್ಕೇ ನೀನು ಹೋಗುವುದು. ಒಳಗೆ ಬಿಡದಿದ್ದರೆ ಅದೂ ಒಂದು ಉತ್ತರ.

ನಾನು ನೋಡಿದ ಮೊದಲ ಹೋಮ್‌ಗೆ ಹೋಟೆಲಿನ ಹಾಗೆ ದೀಪದ ಗೊಂಚಲು. ಸಿನಿಮಾ ಕೋಣೆ ಬೇರೆ. ಲೌಂಜ್‌ನಲ್ಲಿ ಒಬ್ಬ ಅಜ್ಜಿ ಕೈಚೀಲ ತಬ್ಬಿಕೊಂಡು "ನನ್ನ ಬಸ್ ಬಂತಾ" ಅಂತ ಕೇಳುತ್ತಿದ್ದರು. ಯೂನಿಫಾರ್ಮ್ ಹುಡುಗಿ ಟ್ಯಾಬ್ಲೆಟ್‌ನಲ್ಲಿ ಏನೋ ಒತ್ತುತ್ತಾ, ತಲೆ ಎತ್ತದೆ, "ಸಿಟ್ ಡೌನ್, ಡಾರ್ಲಿಂಗ್" ಅಂದಳು. ಏಳು ಸಲ ಎಣಿಸಿದೆ. ಡಾರ್ಲಿಂಗ್‌ಗೆ ಮಾತ್ರ ಕೊರತೆ ಇರಲಿಲ್ಲ. ಎರಡನೆಯದರಲ್ಲಿ ಕಾರ್ಪೆಟ್ ಸವೆದಿತ್ತು, ಬೇಯಿಸಿದ ಕೋಸಿನ ವಾಸನೆ. ಅಲ್ಲೂ ಒಬ್ಬ ತಾತ ಬಾಗಿಲ ಹತ್ತಿರ ನಿಂತಿದ್ದರು, ಫ್ಯಾಕ್ಟರಿ ಶಿಫ್ಟ್‌ಗೆ ಹೊತ್ತಾಯಿತಂತೆ. ಒಬ್ಬ ಹೆಂಗಸು ಬಂದು ಪಕ್ಕದಲ್ಲಿ ನಿಂತು "ಯಾವ ಮೆಷಿನ್ ನಿಮ್ಮದು" ಅಂತ ಕೇಳಿದಳು. ಕಾಲುಚೀಲ ನೇಯುವ ಮೆಷಿನ್ ಕತೆ ಶುರುವಾಯಿತು. ಹೇಳುತ್ತಾ ಹೇಳುತ್ತಾ ಅವರು ತಾವಾಗಿಯೇ ಟೀ ಟೇಬಲ್ಲಿಗೆ ನಡೆದುಕೊಂಡು ಹೋದರು. ಮಾವನನ್ನು ಅಲ್ಲಿಗೇ ಸೇರಿಸಿದೆವು.

ನೆಲ ನೋಡು. ಹೊಳೆಯುವ ನೆಲ ಅವರ ಕಣ್ಣಿಗೆ ನೀರು ನಿಂತ ಹಾಗೆ ಕಾಣಬಹುದು, ಕಪ್ಪು ಮ್ಯಾಟ್ ಹಳ್ಳದ ಹಾಗೆ. ನಮ್ಮ ಮನೆ ಬಾಗಿಲ ಕಪ್ಪು ಮ್ಯಾಟ್ ದಾಟಲು ಮಾವ ಬಚ್ಚಲ ಹೊಂಡ ದಾಟುವವರ ಹಾಗೆ ಕಾಲೆತ್ತುತ್ತಿದ್ದರು. ಟಾಯ್ಲೆಟ್ ಸೀಟಿಗೆ ಬೇರೆ ಬಣ್ಣ, ಬಾಗಿಲಿಗೆ ಚಿತ್ರ ಇದೆಯಾ ನೋಡು. ಬಿಳಿ ಗೋಡೆಗೆ ಬಿಳಿ ಕಮೋಡು ಅವರಿಗೆ ಕಾಣದೇ ಹೋಗಬಹುದು. ಮೂಲೆಯಲ್ಲಿ ಒಂದು ಕಡೆ ಉಚ್ಚೆ ವಾಸನೆ ಬಂದರೆ ಗಾಬರಿ ಬೇಡ, ಈಗಷ್ಟೇ ಏನೋ ಆಗಿರುತ್ತೆ. ಇಡೀ ಮನೆಯೇ ಹಾಗಿದ್ದರೆ, ಅಥವಾ ಮೂಗು ಕಟ್ಟುವಷ್ಟು ರೂಮ್ ಫ್ರೆಶ್‌ನರ್ ಹೊಡೆದಿದ್ದರೆ, ವಾಪಸ್ ಬಾ. ಕಾಲ್ ಬೆಲ್ ಎಷ್ಟು ಹೊತ್ತು ಬಡಿದುಕೊಳ್ಳುತ್ತೆ ಕೇಳಿಸಿಕೊ. ರಾತ್ರಿ ಎಷ್ಟು ಜನ ಕೆಲಸದಲ್ಲಿರುತ್ತಾರೆ, ಅವರಲ್ಲಿ ಏಜೆನ್ಸಿಯಿಂದ ತಾತ್ಕಾಲಿಕವಾಗಿ ಬರುವವರು ಎಷ್ಟು ಅಂತ ಕೇಳು. ಬಾಗಿಲಿಗೆ ಕೋಡ್ ಇರುತ್ತೆ, ಅದು ಬೇಕಾದದ್ದೇ. ಆದರೆ ತಿಳಿವಳಿಕೆ ಇಲ್ಲದವರನ್ನು ಹಾಗೆ ಇಟ್ಟುಕೊಳ್ಳಲು ಹೋಮ್‌ನವರು ಕೌನ್ಸಿಲ್‌ನಿಂದ ಡಾಲ್ಸ್ ಅನ್ನುವ ಅನುಮತಿ ಕೇಳಬೇಕು. ಅದರ ಬಗ್ಗೆ ಕೇಳಿದಾಗ ಅವರು ತಡವರಿಸಿದರೆ ಅನುಮಾನ ಪಡು.

ಇನ್ನು ಭಾಷೆ. ಇದು ವರದಿಯಲ್ಲಿ ಸಿಗುವುದಿಲ್ಲ. ಆಮೇಲೆ ಕಲಿತ ಭಾಷೆ ಮೊದಲು ಹೋಗುವುದುಂಟು. ಮೂವತ್ತು ವರ್ಷ ಇಂಗ್ಲಿಷಿನಲ್ಲಿ ರೋಗಿಗಳ ಜೊತೆ ಮಾತಾಡಿದ ನಮ್ಮ ಮಾವನಿಗೆ ಕೊನೆಗೆ ಉಳಿದದ್ದು ದಾವಣಗೆರೆ ಕನ್ನಡ ಮಾತ್ರ. ಸೇರಿಸಿದ ಎರಡನೇ ವಾರ ಅವರ ದಿನಚರಿ ಪುಸ್ತಕ ತೆಗೆದು ನೋಡಿದೆ. "ಸಂಜೆ ಸಿಟ್ಟು, ಕೂಗಾಟ, ಪ್ಯಾಂಟ್ ಬಿಚ್ಚಲು ಯತ್ನ" ಅಂತ ಬರೆದಿತ್ತು. ಏನು ಕೂಗಿದರು ಅಂತ ಕೇಳಿದೆ. "ಓಂಡಾಕೇ, ಓಂಡಾಕೇ" ಅಂದಳು ಆ ಹುಡುಗಿ. ಒಂದಕ್ಕೆ ಹೋಗಬೇಕು ಅಂತ ಒಂದು ವಾರದಿಂದ ಬೇಡಿಕೊಳ್ಳುತ್ತಿದ್ದರು ಕಣೆ. ಅಷ್ಟರಲ್ಲಿ ಸಮಾಧಾನದ ಮಾತ್ರೆ ಶುರು ಮಾಡುವ ಮಾತೂ ಆಗಿತ್ತು. ಅವತ್ತು ಕಾರಿನಲ್ಲಿ ಕೂತು ಅತ್ತುಬಿಟ್ಟೆ. ಆಮೇಲೆ ರಟ್ಟಿನ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಹನ್ನೆರಡು ಕನ್ನಡ ಪದ ಬರೆದು ಮಂಚದ ಹತ್ತಿರ ಅಂಟಿಸಿದೆ: ನೀರು, ಊಟ, ಒಂದಕ್ಕೆ, ಎರಡಕ್ಕೆ, ನೋವು, ಚಳಿ, ಸಾಕು, ಬೇಡ... ಒಬ್ಬಳು ಮಲಯಾಳಿ ನರ್ಸ್ ಇದ್ದಳು, "ಬೇಡ" ಅಂದರೆ ಅವರ "ವೇಂಡ" ಅಂತ ಅವಳಿಗೆ ಥಟ್ಟನೆ ಗೊತ್ತಾಗುತ್ತಿತ್ತು. ಆದ್ದರಿಂದ ಕೆಲಸದವರಲ್ಲಿ ದಕ್ಷಿಣದವರು ಯಾರಾದರೂ ಇದ್ದಾರಾ ಅಂತ ಕೇಳು. ಇದ್ದರೆ ಅದೃಷ್ಟ.

ಮಾತ್ರೆ ವಿಷಯದಲ್ಲಿ ಹುಷಾರು. ಇಲ್ಲಿ ರಿಸ್ಪೆರಿಡೋನ್ ಅನ್ನುವ ಸಮಾಧಾನದ ಮಾತ್ರೆಗೆ ಆಲ್ಝೈಮರ್ಸ್‌ನವರ ವಿಪರೀತ ಸಿಟ್ಟಿಗೆ ಅನುಮತಿ ಇರುವುದು 6 ವಾರದ ಮಟ್ಟಿಗೆ. "ಇಲ್ಲಿ ಎಷ್ಟು ಜನ ಇಂಥ ಮಾತ್ರೆಯಲ್ಲಿದ್ದಾರೆ, ಯಾರು ಪರಿಶೀಲಿಸುತ್ತಾರೆ" ಅಂತ ಕೇಳು. ನಾಲ್ಕು ಗಂಟೆಗೆ ಇಡೀ ಲೌಂಜ್ ತೂಕಡಿಸುತ್ತಿದ್ದರೆ ಆ ಪ್ರಶ್ನೆಯನ್ನು ತಪ್ಪದೆ ಕೇಳು.

ಊಟಕ್ಕೆ ಬರುತ್ತೇನೆ. ನಿಮ್ಮ ಅತ್ತೆ ಸಸ್ಯಾಹಾರಿ ಅಂದಿದ್ದೀಯಾ. "ವೆಜಿಟೇರಿಯನ್ ಇದೆ" ಅಂದರೆ ಸಾಲದು. ಪಕ್ಕದವರ ತಟ್ಟೆಯ ಸಾಸೇಜ್‌ಗೆ ಕೈ ಹಾಕಿದರೆ ಏನು ಮಾಡುತ್ತೀರಿ, ಗ್ರೇವಿ ಯಾವುದರದು, ದಿನಾ ಚೀಸ್ ಆಲೂಗಡ್ಡೆಯೇನಾ ಅಂತ ಕೇಳು. ಊಟದ ಹೊತ್ತಿಗೆ ಕೂತು ನೋಡು: ತಿನ್ನಿಸುವವರು ಕೂತು ತಿನ್ನಿಸುತ್ತಾರಾ, ನಿಂತು ತುರುಕುತ್ತಾರಾ. ಮನೆಯಿಂದ ಮೊಸರನ್ನ ತರಬಹುದಾ ಅಂತಲೂ ಕೇಳು. ನುಂಗಲು ಕಷ್ಟವಾದ ಕಾಲಕ್ಕೆ ಚೆನ್ನಾಗಿ ಕಿವುಚಿದ ಮೊಸರನ್ನದಷ್ಟು ಒಳ್ಳೆಯದು ಇಲ್ಲ, ಆದರೆ ಎಷ್ಟು ತೆಳ್ಳಗಿರಬೇಕು ಅಂತ ನುಂಗುವುದನ್ನೂ ಪರೀಕ್ಷಿಸುವ ಅಲ್ಲಿನ ಸ್ಪೀಚ್ ಥೆರಪಿಸ್ಟ್ ಹೇಳಬೇಕು. ಲೆಸ್ಟರ್‌ನಲ್ಲಿ ಗುಜರಾತಿ ಅಡುಗೆ ಮಾಡುವ ಹೋಮ್‌ಗಳೂ ಇವೆ. ದಾಲ್ ಸಿಹಿ ಇರುತ್ತೆ, ಅಷ್ಟೇ. ನಾದಿನಿ ದೂರ ಅಂತ ಬೇಡ ಅಂದರೂ ಒಂದನ್ನಾದರೂ ನೋಡಿ.

ಸೀರೆ. ಅತ್ತೆ ಸೀರೆಯೇ ಉಡುವವರಾದರೆ, ಉಡಿಸಲು ಬರುತ್ತಾ ಕೇಳು. ಬರುವುದಿಲ್ಲ. ನೀನೇ ಒಬ್ಬರಿಗೆ ತೋರಿಸಿಕೊಡು, ಇಲ್ಲವೇ ನೆರಿಗೆ ಹೊಲಿದ ಸೀರೆ, ಎಲಾಸ್ಟಿಕ್ ಲಂಗ ಮಾಡಿಸು. ಎಲ್ಲಕ್ಕೂ ಹೆಸರಿನ ಲೇಬಲ್ ಹೊಲಿ, ಕನ್ನಡಕಕ್ಕೂ ಹೆಸರು ಬರೆ. ನಮ್ಮ ಮಾವನ ಉಣ್ಣೆ ಸ್ವೆಟರ್ ಅಲ್ಲಿನ ಡ್ರೈಯರ್‌ನಿಂದ ಮಗುವಿನ ಅಳತೆಗೆ ಹೊರಬಂತು. ಒಂದು ತಿಂಗಳು ಇನ್ನೊಬ್ಬರ ಹಲ್ಲಿನ ಸೆಟ್ ಹಾಕಿಕೊಂಡಿದ್ದರು. ಚಿನ್ನದ ಬಳೆ ಮನೆಯಲ್ಲಿಡಿ. ಆಲ್ಝೈಮರ್ಸ್ ಸೊಸೈಟಿಯ "ದಿಸ್ ಈಸ್ ಮಿ" ಅನ್ನುವ ಹಾಳೆ ತುಂಬಿಸು, ಅದರಲ್ಲಿ ಎಡಗೈಯಲ್ಲಿ ತಿನ್ನಿಸಬೇಡಿ ಅಂತಲೂ ಬರೆ. ಅವರಿಗೆ ಹೇಗೆ ಗೊತ್ತಾಗಬೇಕು.

ಸಹಿ ಹಾಕುವ ಮುಂಚೆ ಮೂರು ಮಾತು ಕೇಳಿ: ಫೀಸು ವರ್ಷಕ್ಕೆ ಎಷ್ಟು ಏರುತ್ತೆ, ದುಡ್ಡು ಮುಗಿದು ಕೌನ್ಸಿಲ್ ದರಕ್ಕೆ ಬಂದರೆ ಇಟ್ಟುಕೊಳ್ಳುತ್ತೀರಾ, ಕಾಯಿಲೆ ಜಾಸ್ತಿಯಾದರೆ ಇಲ್ಲೇ ಇರಬಹುದಾ ಇಲ್ಲ ಸದಾ ನರ್ಸ್ ಇರುವ ನರ್ಸಿಂಗ್ ಹೋಮ್‌ಗೆ ಕಳಿಸುತ್ತೀರಾ. ಮೊದಲು ಎರಡು ವಾರ ರೆಸ್ಪೈಟ್ ಅಂತ ತಾತ್ಕಾಲಿಕವಾಗಿ ಬಿಟ್ಟು ನೋಡಬಹುದು. ಭೇಟಿಗೆ ಹೊತ್ತು ಗೊತ್ತುಮಾಡಿದ್ದೇವೆ ಅಂತ ಬಿಗಿ ಮಾಡಿದರೆ, 2024ರ ಏಪ್ರಿಲ್‌ನಿಂದ ಸರಿಯಾದ ಕಾರಣ ಇಲ್ಲದೆ ಮನೆಯವರ ಭೇಟಿ ತಡೆಯುವಂತಿಲ್ಲ ಅಂತ ನಿಯಮ ಇದೆ, ನೆನಪಿಸು. ತಲೆ ಕೆಟ್ಟರೆ ಡಿಮೆನ್ಷಿಯಾ ಯುಕೆ ಸಂಸ್ಥೆಯ ಅಡ್ಮಿರಲ್ ನರ್ಸ್‌ಗಳಿಗೆ, ಅಂದರೆ ಈ ಕಾಯಿಲೆಯಲ್ಲೇ ಪರಿಣತರಾದ ನರ್ಸ್‌ಗಳಿಗೆ ಫೋನ್ ಮಾಡು, ಉಚಿತ. ನಾನು ಎಷ್ಟೋ ರಾತ್ರಿ ಮಾಡಿದ್ದೇನೆ.

ಈ ಭಾನುವಾರ ನನಗೆ ಬಿಡುವಿದೆ. ಮೂರೂವರೆಗೆ ನಿಮ್ಮ ಮನೆ ಹತ್ತಿರ ಬರುತ್ತೇನೆ, ನಿನ್ನ ಪಟ್ಟಿಯಲ್ಲಿರುವ ಎರಡು ಹೋಮ್‌ಗೆ ಹೋಗಿ ಬರೋಣ. ಅತ್ತೆಯನ್ನು ಅವತ್ತು ಕರೆತರಬೇಡ. ಅವರು ಯಾವ ಪದ ಹೇಗೆ ಹೇಳುತ್ತಾರೆ ಅಂತ ಒಂದು ಹಾಳೆಯಲ್ಲಿ ಬರೆದುಕೊಂಡು ಬಾ, ರಟ್ಟು ನನ್ನ ಹತ್ತಿರ ಇದೆ.