ಸಾಕಣೆ ಪ್ರಾಣಿಗಳ ಪರ ಕೆಲಸ ಮಾಡುವವರಿಗೆ ಆನ್‌ಲೈನ್ ಬಳಗ ಯಾಕೆ ಬೇಕು?

ಈ ಕೆಲಸ ಮಾಡುವವರು ತುಂಬಾ ಕಡಿಮೆ, ಅವರೂ ದೇಶ ದೇಶಗಳಲ್ಲಿ ಚದುರಿಹೋಗಿದ್ದಾರೆ. ಒಬ್ಬರು ಕಷ್ಟಪಟ್ಟು ಕಲಿತದ್ದು ಇನ್ನೊಬ್ಬರಿಗೆ ಬೇಗ ತಲುಪಲಿ ಅಂತಲೇ ಬಳಗ ಬೇಕು.

ಮೊಟ್ಟೆ ಕೋಳಿಗಳನ್ನು ಪಂಜರದಿಂದ ಬಿಡಿಸುವ ಕೆಲಸವನ್ನೇ ನೋಡಿ. ಮೊಟ್ಟೆ ಕೊಳ್ಳುವ ದೊಡ್ಡ ಕಂಪನಿಗಳು ಹತ್ತಾರು ದೇಶಗಳಲ್ಲಿರುತ್ತವೆ. ‘ಪಂಜರದ ಕೋಳಿಯ ಮೊಟ್ಟೆ ಕೊಳ್ಳಬೇಡಿ’ ಅಂತ ಒಂದು ಚಿಕ್ಕ ಸಂಸ್ಥೆ ಒಂಟಿಯಾಗಿ ಕೇಳಿದರೆ ಅವು ಕಿವಿಗೆ ಹಾಕಿಕೊಳ್ಳುವುದು ಕಷ್ಟ. ಎಲ್ಲ ಕಡೆಯಿಂದ ಒಟ್ಟಿಗೆ ಕೇಳಿದರೆ ಮಾತೇ ಬೇರೆ, ಅಲ್ವಾ? 2016ರಲ್ಲಿ ಶುರುವಾದ ಓಪನ್ ವಿಂಗ್ ಅಲಯನ್ಸ್ ಎಂಬ ಒಕ್ಕೂಟ ಹುಟ್ಟಿದ್ದೇ ಇದಕ್ಕೆ.

ಈ ಕೆಲಸ ಮಾಡುವವರದೇ ಹೈವ್ ಎಂಬ ಬಳಗ, ಗುಂಪಾಗಿ ಮಾತಾಡುವ ಸ್ಲ್ಯಾಕ್ ಆ್ಯಪ್‌ನಲ್ಲಿದೆ. ಇಂಥ ಕಡೆ ‘ಪಂಜರ ತೆಗೆದರೆ ಮೊಟ್ಟೆ ದುಬಾರಿ ಅಂತಾರೆ, ಏನು ಹೇಳಲಿ?’ ಎಂದು ಕೇಳಿದರೆ, ಅದೇ ಮಾತನ್ನು ಎದುರಿಸಿದವರು ತಮ್ಮ ಲೆಕ್ಕ, ಪತ್ರದ ಕರಡು ಎರಡನ್ನೂ ಕೊಡಬಹುದು. ಮೊದಲಿಂದ ತಡಕಾಡಬೇಕಿಲ್ಲ.

ಇನ್ನೊಂದು ಕಾರಣ ಮನಸ್ಸಿನದು, ನನ್ನ ಪ್ರಕಾರ ಅದೂ ಅಷ್ಟೇ ದೊಡ್ಡದು. ಕಸಾಯಿಖಾನೆಯ ವಿಡಿಯೊಗಳನ್ನು ಮತ್ತೆ ಮತ್ತೆ ನೋಡಬೇಕಾದವರು ಸುಸ್ತಾಗಿ ಕೆಲಸವನ್ನೇ ಬಿಡುವುದುಂಟು. ಮನೆಯವರಿಗೆ ಅದನ್ನು ಹೇಳಿ ಅರ್ಥಮಾಡಿಸುವುದು ಸುಲಭವಲ್ಲ. ಬಳಗದಲ್ಲಿ ಸುಮ್ನೆ ‘ಇವತ್ತು ಆಗ್ತಿಲ್ಲ’ ಅಂದರೂ ಸಾಕು, ಯಾರಾದರೂ ಆ ಕೆಲಸಕ್ಕೆ ಕೈ ಜೋಡಿಸಬಹುದು.