ಬೆಳಕು ಸೋರದಿರಲು ಕಪ್ಪು ಫೋಮ್ ಹಾಕಿ ನೋಡಿ

ನಾಲ್ಕು ವರ್ಷದ ಮಗಳಿಗೆ ಬಾಗಿಲಷ್ಟು ದೊಡ್ಡ ಬೆಳಕಿನ ಗೂಟದಾಟಿಕೆ (ಹಿಂದಿನಿಂದ ಬೆಳಕು ಬೀಳುವ ತೂತಿನ ಹಲಗೆಗೆ ಬಣ್ಣದ ಗೂಟ ಸಿಕ್ಕಿಸಿ ಚಿತ್ರ ಮಾಡುವ ಆಟಿಕೆ) ಮಾಡಿದ್ದೀರಿ, ಗೂಟ ಹಾಕದ ತೂತುಗಳಿಂದಲೂ ಬೆಳಕು ಸೋರಿ ಚಿತ್ರವೇ ಕಾಣುತ್ತಿಲ್ಲ ಅಂದಿರಲ್ಲ, ಅದಕ್ಕೆ ಎಲ್‌ಇಡಿ ಮಂದ ಮಾಡಬೇಡಿ. ಗೂಟಗಳೂ ಮಂಕಾಗುತ್ತವೆ, ಅಷ್ಟೇ.

1967ರಲ್ಲಿ ಹ್ಯಾಸ್‌ಬ್ರೊ ಕಂಪನಿ ತಂದ ಲೈಟ್-ಬ್ರೈಟ್ ಎಂಬ ಇಂಥದ್ದೇ ಆಟಿಕೆಯಲ್ಲಿ ತೂತುಗಳ ಮೇಲೆ ಕಪ್ಪು ಕಾಗದ ಇಟ್ಟು, ಗೂಟದಿಂದಲೇ ಅದನ್ನು ಚುಚ್ಚಬೇಕಿತ್ತು. ಆದರೆ ಕಾಗದ ಒಂದೇ ಚಿತ್ರಕ್ಕೆ ಮುಗಿಯಿತು. ನೀವು ಹಲಗೆಯ ಹಿಂಬದಿಗೆ 2 ಮಿ.ಮೀ. ದಪ್ಪದ ಕಪ್ಪು ಫೋಮ್ ಶೀಟ್ ಅಂಟಿಸಿ, ಪ್ರತಿ ತೂತಿನ ನಡುವೆ ಬ್ಲೇಡಿನಿಂದ ಕೂಡುವ ಚಿಹ್ನೆಯಂತೆ ಸೀಳಿ. ಗೂಟ ನುಗ್ಗಿದಾಗ ನಾಲ್ಕು ಎಸಳು ಹಿಂದಕ್ಕೆ ಬಾಗುತ್ತವೆ, ತೆಗೆದರೆ ಹೆಚ್ಚುಕಮ್ಮಿ ಮುಚ್ಚಿಕೊಳ್ಳುತ್ತವೆ. ಅಂಟು ಮಾತ್ರ ಸೀಳಿಗೆ ತಾಗಬಾರದು. ನಾನು ಧಾರಾಳವಾಗಿ ಬಳಿದು ಅರ್ಧ ದಿನ ಕೆರೆಯುತ್ತ ಕೂತಿದ್ದೆ!

ಗೂಟ ಅಕ್ರಿಲಿಕ್ ಸರಳಿನದಾದರೆ ಪಕ್ಕಗಳನ್ನು ನುಣುಪಾಗಿಯೇ ಬಿಡಿ, ಬೆಳಕು ಒಳಗೊಳಗೇ ಪ್ರತಿಫಲಿಸಿ ತುದಿಗೆ ಬರುತ್ತದೆ. ಹೊರಗೆ ಕಾಣುವ ತುದಿಯನ್ನಷ್ಟೇ 220 ನಂಬರಿನ ಉಪ್ಪುಕಾಗದದಲ್ಲಿ ಉಜ್ಜಿ ಮಬ್ಬು ಮಾಡಿ. ಆಗ ಓರೆಯಿಂದ ನೋಡಿದರೂ ಬಣ್ಣ ಕಾಣುತ್ತದೆ.

ಪೆಟ್ಟಿಗೆಯ ಒಳಗೆಲ್ಲ ಬಿಳಿ ಬಣ್ಣ, ಎಲ್‌ಇಡಿ ಪಟ್ಟಿ ಹಿಂಬದಿಯ ಅಂಚಿಗೆ, 12 ವೋಲ್ಟ್ ಅಡಾಪ್ಟರ್ ಹೊರಗೆ.

ಮನೆಯಲ್ಲಿ ಮೂರು ತುಂಬದ ಮಗುವೂ ಇದೆಯೇ? ಆಟಿಕೆಯ ಭಾಗ ಮಗುವಿನ ಗಂಟಲಿಗೆ ಸಿಕ್ಕುವಷ್ಟು ಚಿಕ್ಕದೇ ಎಂದು ಪರೀಕ್ಷಿಸುವ ಕೊಳವೆಯ ಒಳವ್ಯಾಸ 31.7 ಮಿ.ಮೀ., ಅತಿ ಆಳದ ಕಡೆ ಸುಮಾರು 57. ಅದರೊಳಗೆ ಪೂರ್ತಿ ಮುಳುಗುವಂಥ ಗೂಟ ಬೇಡ. 70 ಮಿ.ಮೀ. ಉದ್ದಕ್ಕೇ ಕತ್ತರಿಸಿಕೊಳ್ಳಿ.